ಆಚರಣೆಯೂ ವಿಶ್ವಾಸವೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮೂರು ದಿನಗಳ ಧ್ಯಾನಕೂಟದಲ್ಲಿ ಮಾಡಿದ ಭಾಷಣ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬುವುದು ಸಾಮಾನ್ಯ ಸಂಗತಿಯಲ್ಲ. ನಾಲ್ಕು ತಲೆಮಾರುಗಳ ಜನ ಈ ಹೊಸ್ತಿಲನ್ನು ದಾಟಿ ಒಳಬಂದಿದ್ದಾರೆ. ಹಸುಗೂಸುಗಳಾಗಿ ತಾಯಂದಿರ ತೋಳಿನಲ್ಲಿ ಬಂದವರು, ವಧೂವರರಾಗಿ ಬಂದವರು, ಕಡೆಗೊಂದು ದಿನ ನಾಲ್ವರ ಹೆಗಲ ಮೇಲೆ ಬಂದವರು, ಇವರೆಲ್ಲರ ಹೆಸರುಗಳೂ ದಾಖಲೆ ಪುಸ್ತಕಗಳಲ್ಲಿ ಭದ್ರವಾಗಿವೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಪುಸ್ತಕಗಳನ್ನು ತೆರೆದು, ಇಷ್ಟು ಜ್ಞಾನಸ್ನಾನಗಳು, ಇಷ್ಟು ವಿವಾಹಗಳು ಎಂದು ಲೆಕ್ಕ ಹಾಕಿ ಸಂತೋಷಪಡುವುದು ಸಹಜವೇ ಆಗಿದೆ.

ಆದರೆ ಆ ಪುಸ್ತಕಗಳು ಹೇಳದ ಲೆಕ್ಕವೊಂದಿದೆ. ಯಾವ ದಿನ ಯಾರಿಗೆ ಜ್ಞಾನಸ್ನಾನವಾಯಿತೆಂಬುದನ್ನು ಅವು ಹೇಳುತ್ತವೆ. ಆ ಜ್ಞಾನಸ್ನಾನಕ್ಕೆ ತಕ್ಕಂತೆ ಯಾರು ಬಾಳಿದರೆಂಬುದನ್ನು ಹೇಳುವುದಿಲ್ಲ. ಯಾರು ಯಾರ ಕೈಹಿಡಿದರೆಂಬುದನ್ನು ಹೇಳುತ್ತವೆ. ಕೊಟ್ಟ ಮಾತನ್ನು ಯಾರು ಉಳಿಸಿಕೊಂಡರೆಂಬುದನ್ನು ಹೇಳುವುದಿಲ್ಲ. ಆ ಲೆಕ್ಕದ ಪುಸ್ತಕ ಬೇರೆ ಕಡೆ ಇದೆ, ಅದನ್ನು ಬರೆಯುವವನೂ ಬೇರೆಯೇ ಆಗಿದ್ದಾನೆ. ನೂರು ವರ್ಷಗಳ ಸಂಭ್ರಮದ ನಡುವೆ ಆ ಎರಡನೆಯ ಪುಸ್ತಕವನ್ನು ನೆನೆಯುವುದೇ ಈ ದಿನದ ನಮ್ಮ ಮಾತಿನ ಉದ್ದೇಶ.

ನಾವು ಹೇಳಬಯಸುವುದು ಇಷ್ಟೆ. ಆಚರಣೆಯೆಂಬುದು ನಾವು ದೇವರಿಗೆ ಬರೆದುಕೊಡುವ ಮುಚ್ಚಳಿಕೆ. ವಿಶ್ವಾಸವೆಂದರೆ ಆ ಮುಚ್ಚಳಿಕೆಯಂತೆ ನಡೆಯುವುದು. ಪೂಜೆಯಲ್ಲಿ ನಾವು ಹೇಳುವ ಪ್ರತಿಯೊಂದು 'ಆಮೆನ್' ಕೂಡ ಆ ಪತ್ರದ ಕೆಳಗೆ ಹಾಕುವ ರುಜು. ರುಜು ಹಾಕಿದವನು ಮಾತಿಗೆ ತಪ್ಪಿದರೆ ಪತ್ರಕ್ಕೆ ಬೆಲೆಯಿಲ್ಲ; ಮಾತ್ರವಲ್ಲ, ಆ ಪತ್ರವೇ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಆಚರಣೆಗಳೇ ಬೇಡ, ಮನಸ್ಸೊಂದು ಶುದ್ಧವಾಗಿದ್ದರೆ ಸಾಕು ಎಂದು ಹೇಳುವವರು, ವಿಶೇಷವಾಗಿ ಯುವಜನರಲ್ಲಿ, ಇದ್ದಾರೆ. ಆ ಮಾತು ಕೇಳಲು ಹಿತವಾಗಿದ್ದರೂ ಪ್ರಭು ಯೇಸುವಿನ ಮಾರ್ಗ ಅದಲ್ಲ. ಪ್ರಭು ಹನ್ನೆರಡನೆಯ ವಯಸ್ಸಿನಲ್ಲೇ ಹಬ್ಬಕ್ಕೆಂದು ಜೆರುಸಲೇಮಿಗೆ ಹೋದವರು. ಸಬ್ಬತ್ ದಿನದಂದು ಪ್ರಾರ್ಥನಾಮಂದಿರಕ್ಕೆ ಹೋಗುವುದು ಅವರ ವಾಡಿಕೆಯಾಗಿತ್ತೆಂದು ಸಂತ ಲೂಕರು ಬರೆದಿದ್ದಾರೆ. ತಮ್ಮ ಮರಣದ ಹಿಂದಿನ ರಾತ್ರಿ ಪಾಸ್ಖ ಭೋಜನಕ್ಕೆ ಕುಳಿತು, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೈಗೆತ್ತಿಕೊಂಡು, ತಮ್ಮ ನೆನಪಿಗಾಗಿ ಇದನ್ನು ಮಾಡಿರೆಂದು ಆಜ್ಞಾಪಿಸಿದವರೂ ಅವರೇ. ಮನುಷ್ಯನು ಕೇವಲ ಆತ್ಮವಲ್ಲ. ಅವನಿಗೆ ಮಂಡಿಯೂರಲು ಕಾಲು ಬೇಕು, ಜೋಡಿಸಲು ಕೈ ಬೇಕು, ಹಾಡಲು ಕಂಠ ಬೇಕು. ಮಕ್ಕಳನ್ನು ಎಂದೂ ಅಪ್ಪಿಕೊಳ್ಳದ ತಂದೆ ತನ್ನ ಮನಸ್ಸಿನಲ್ಲಿ ಪ್ರೀತಿಯಿದೆಯೆಂದು ಹೇಳಿಕೊಂಡರೆ ಮಕ್ಕಳಿಗೆ ತಿಳಿಯುವುದೆಂತು?

ಈ ವಿಷಯವನ್ನು ಪ್ರಭುವೇ ಹತ್ತು ಕನ್ಯೆಯರ ಸಾಮತಿಯಲ್ಲಿ ತಿಳಿಸಿದ್ದಾರೆ. ದೀಪ ಹತ್ತು ಮಂದಿಯ ಕೈಯಲ್ಲೂ ಇತ್ತು. ಹತ್ತು ಮಂದಿಯೂ ಮದುವಣಿಗನನ್ನು ಎದುರುಗೊಳ್ಳಲು ಹೊರಟವರೇ. ನಿದ್ದೆ ಬಂದದ್ದೂ ಹತ್ತು ಮಂದಿಗೆ. ಹೊರಗಿನಿಂದ ನೋಡಿದವರಿಗೆ ಅವರಲ್ಲಿ ಭೇದವೇ ಕಾಣುತ್ತಿರಲಿಲ್ಲ. ಭೇದವಿದ್ದದ್ದು ಎಣ್ಣೆಯಲ್ಲಿ. ಎಣ್ಣೆಯಿಲ್ಲವೆಂದು ದೀಪವನ್ನು ಬಿಸಾಡಿರೆಂದು ಪ್ರಭು ಹೇಳಲಿಲ್ಲ. ದೀಪವಿದ್ದ ಮಾತ್ರಕ್ಕೆ ಬೆಳಕಾಗುವುದೆಂದೂ ಹೇಳಲಿಲ್ಲ. ಆ ಎಣ್ಣೆ ಯಾವುದೆಂದು ತಿಳಿಯಬೇಕಾದರೆ ಸಂತ ಮತ್ತಾಯರ ಅದೇ ಇಪ್ಪತ್ತೈದನೆಯ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು. ಅಲ್ಲಿ ಅಂತಿಮ ತೀರ್ಪಿನ ಚಿತ್ರವಿದೆ. ಎಷ್ಟು ನವದಿನ ಪ್ರಾರ್ಥನೆ ಮುಗಿಸಿದೆ, ಎಷ್ಟು ಹರಕೆ ತೀರಿಸಿದೆ ಎಂದು ಅಲ್ಲಿ ನ್ಯಾಯಾಧೀಶನು ಕೇಳುವುದಿಲ್ಲ. ಹಸಿದವನ ಬಗ್ಗೆ, ಬಾಯಾರಿದವನ ಬಗ್ಗೆ, ಬಟ್ಟೆಯಿಲ್ಲದವನ, ರೋಗಿಯ, ಸೆರೆಯಾಳಿನ ಬಗ್ಗೆ ಕೇಳುತ್ತಾನೆ.

ಈ ಎಚ್ಚರಿಕೆ ಹೊಸ ಒಡಂಬಡಿಕೆಯಲ್ಲಿ ಮೊದಲಾದುದಲ್ಲ. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಇಸ್ರಯೇಲ್ ನಾಡು ಸಿರಿಸಂಪದದಿಂದ ತುಂಬಿತ್ತು. ಬೇತೇಲಿನ ದೇಗುಲದಲ್ಲಿ ಬಲಿಗಳಿಗೆ ಕೊರತೆಯಿರಲಿಲ್ಲ, ಹಾಡುಗಳಿಗೆ ಬಿಡುವಿರಲಿಲ್ಲ. ಅಂಥ ಸಮಯದಲ್ಲಿ ತೆಕೋವದ ಕುರುಬನಾದ ಆಮೋಸನು ಅಲ್ಲಿಗೆ ಬಂದು, ಇಂಥ ಹಬ್ಬಗಳು ದೇವರಿಗೆ ಹೇಸಿಕೆಯೆಂದು ಸಾರಿದನು. ಆತನು ಒಬ್ಬ ವ್ಯಾಪಾರಿಯ ಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ಕೊಡುತ್ತಾನೆ. ಆ ವ್ಯಾಪಾರಿ ಸಬ್ಬತ್ತನ್ನು ಮುರಿಯುವವನಲ್ಲ. ನಿಯಮದಂತೆ ಅಂಗಡಿ ಮುಚ್ಚಿ ಕುಳಿತಿದ್ದಾನೆ. ಆದರೆ ಅವನ ಮನಸ್ಸು ಎಲ್ಲಿದೆ? ಸಬ್ಬತ್ತು ಯಾವಾಗ ಮುಗಿದೀತು, ಅಳತೆಯನ್ನು ಕಿರಿದುಮಾಡಿ, ತಕ್ಕಡಿಯಲ್ಲಿ ಮೋಸಮಾಡಿ, ಧಾನ್ಯದ ಜೊತೆಗೆ ಹೊಟ್ಟನ್ನೂ ಮಾರುವುದು ಯಾವಾಗ ಎಂದು ಅವನು ಎಣಿಸುತ್ತಿದ್ದಾನೆ. ನಿಯಮ ಪಾಲನೆಯಾಯಿತು, ಆದರೆ ದೇವರಿಗೆ ಸಿಕ್ಕಿದ್ದೇನು? ಎರಡು ಸಾವಿರದ ಏಳುನೂರು ವರ್ಷಗಳಿಗೂ ಹಿಂದಿನ ಆ ವ್ಯಾಪಾರಿ ನಮ್ಮ ಸಂತೆಯಲ್ಲಿ ಇಂದಿಗೂ ಕಾಣಸಿಗುವುದಿಲ್ಲವೆಂದು ಯಾರು ತಾನೆ ಹೇಳಬಲ್ಲರು?

ಪ್ರಭು ಯೇಸು ಪ್ರವಾದಿಗಳ ಈ ಮಾತನ್ನೇ ಮುಂದುವರಿಸಿದರು. ಪುದೀನ, ಜೀರಿಗೆಗಳಂಥ ಸಣ್ಣ ಸೊಪ್ಪುಸದೆಗಳಲ್ಲೂ ದಶಮಾಂಶ ಸಲ್ಲಿಸುತ್ತ ನ್ಯಾಯವನ್ನೂ ದಯೆಯನ್ನೂ ಪ್ರಾಮಾಣಿಕತೆಯನ್ನೂ ಕೈಬಿಟ್ಟಿದ್ದ ಫರಿಸಾಯರನ್ನು ಅವರು ಖಂಡಿಸಿದರು. ಆದರೆ ಅಲ್ಲಿಯೂ, ಇವುಗಳನ್ನು ಮಾಡಬೇಕಿತ್ತು, ಅವುಗಳನ್ನು ಬಿಡಬಾರದಿತ್ತು ಎಂಬ ಅರ್ಥದ ಮಾತನ್ನು ಸೇರಿಸಿದರೆಂಬುದನ್ನು ಗಮನಿಸಬೇಕು. ಇನ್ನೊಂದು ಸಂದರ್ಭದಲ್ಲಿ ಅವರು ಆಡಿದ ಮಾತು ಇನ್ನೂ ಕಠಿಣವಾದುದು. ಕಾಣಿಕೆಯನ್ನು ಬಲಿಪೀಠದ ಬಳಿ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಂಧಾನ ಮಾಡಿಕೋ, ಬಳಿಕ ಬಂದು ಅರ್ಪಿಸು ಎಂದರು. ಪೂಜೆ ನಿಲ್ಲಲಿ, ಸಂಧಾನವಾಗಲಿ, ಆಮೇಲೆ ಪೂಜೆ ಮುಂದುವರಿಯಲಿ. ಇದು ಪ್ರಭು ಹಾಕಿಕೊಟ್ಟ ಕ್ರಮ.

ಪ್ರಭುವಿನ ಪುನರುತ್ಥಾನವಾಗಿ ಮೂವತ್ತು ವರ್ಷಗಳು ಕಳೆಯುವ ಮೊದಲೇ ಧರ್ಮಸಭೆಯೊಳಗೆ ಈ ಕ್ರಮ ತಪ್ಪಿತು. ಕೊರಿಂಥ ಪಟ್ಟಣದ ವಿಶ್ವಾಸಿಗಳು ಪ್ರಭುವಿನ ಭೋಜನಕ್ಕೆಂದು ಒಂದೆಡೆ ಸೇರುತ್ತಿದ್ದರು. ಉಳ್ಳವರು ತಮ್ಮ ಬುತ್ತಿಯನ್ನು ಬಿಚ್ಚಿ ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದ ಹೊಟ್ಟೆಯಲ್ಲಿ ನಾಚಿ ಕೂರಬೇಕಾಗುತ್ತಿತ್ತು. ಕ್ರಿ.ಶ. 55ರ ಸುಮಾರಿಗೆ ಸಂತ ಪೌಲರು ಅವರಿಗೆ ಪತ್ರ ಬರೆದು, ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದು ನಿಷ್ಠುರವಾಗಿ ನುಡಿದರು. ಪರಮಪ್ರಸಾದದ ಸ್ಥಾಪನೆಯನ್ನು ಕುರಿತು ಬರಹದಲ್ಲಿ ಉಳಿದುಬಂದಿರುವ ಅತಿ ಹಳೆಯ ವಿವರಣೆ ನಮಗೆ ದೊರೆತಿರುವುದು ಈ ಖಂಡನೆಯ ನಡುವೆಯೇ. ಬಡವನನ್ನು ಅವಮಾನಿಸುವವನು ಕ್ರಿಸ್ತನ ಶರೀರವನ್ನೇ ಅರಿಯದವನೆಂಬುದು ಸಂತ ಪೌಲರ ಬೋಧನೆಯ ಸಾರ. ಬಲಿಪೀಠದ ಮೇಲಿನ ಪ್ರಸಾದದಲ್ಲಿ ಕ್ರಿಸ್ತನನ್ನು ಕಂಡು, ಪಕ್ಕದಲ್ಲಿ ಕುಳಿತವನಲ್ಲಿ ಕಾಣದೆ ಹೋಗುವುದು ಹೇಗೆ ಸಾಧ್ಯ?

ಮುಂದೆ ಧರ್ಮಸಭೆಗೆ ಅರಸರ ಆಶ್ರಯ ದೊರೆತ ಮೇಲೆ ಆಚರಣೆಗಳ ವೈಭವ ಹೆಚ್ಚಿತು. ಆಗಲೂ ದೇವರು ಎಚ್ಚರಿಸುವವರನ್ನು ಕಳುಹಿಸಿದರು. ಅಂತಿಯೋಕ್ಯದಲ್ಲಿ ಗುರುಗಳಾಗಿದ್ದು, ಬಳಿಕ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾದ ಸಂತ ಜಾನ್ ಕ್ರಿಸೋಸ್ತೋಮರು, ದೇವಾಲಯದಲ್ಲಿ ಕ್ರಿಸ್ತನಿಗೆ ರೇಷ್ಮೆಯ ಹೊದಿಕೆ ಹೊದಿಸಿ ಹೊರಗೆ ಅದೇ ಕ್ರಿಸ್ತನನ್ನು ಚಳಿಯಲ್ಲಿ ನಡುಗಲು ಬಿಡಬೇಡಿರೆಂದೂ, ಮೊದಲು ಹಸಿದವನಿಗೆ ಉಣಿಸಿ ಬಳಿಕ ಪೀಠವನ್ನು ಅಲಂಕರಿಸಿರೆಂದೂ ಬೋಧಿಸಿದರು.

ಅದೇ ಕಾಲದಲ್ಲಿ, ಕ್ರಿ.ಶ. 390ರಲ್ಲಿ, ಥೆಸಲೋನಿಕ ಪಟ್ಟಣದಲ್ಲಿ ಜನರು ದಂಗೆಯೆದ್ದು ಸೇನಾಧಿಕಾರಿಯೊಬ್ಬನನ್ನು ಕೊಂದರು. ಸಿಟ್ಟಿಗೆದ್ದ ಚಕ್ರವರ್ತಿ ಥಿಯೊಡೋಸಿಯಸನ ಆಜ್ಞೆಯಂತೆ ಸೈನಿಕರು ಸಾವಿರಾರು ಜನರನ್ನು ಕತ್ತರಿಸಿ ಹಾಕಿದರು. ಥಿಯೊಡೋಸಿಯಸನು ಕ್ರೈಸ್ತ ದೊರೆ, ಪೂಜೆಗೆ ತಪ್ಪದವನು. ಆದರೆ ಮಿಲಾನಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಅವನಿಗೆ ಪತ್ರ ಬರೆದು, ನೀನು ಪಶ್ಚಾತ್ತಾಪ ಪಡುವವರೆಗೆ ನಿನ್ನ ಸಮ್ಮುಖದಲ್ಲಿ ನಾನು ಬಲಿಯನ್ನು ಅರ್ಪಿಸಲಾರೆನೆಂದು ತಿಳಿಸಿದರು. ಲೋಕವನ್ನೇ ಆಳುತ್ತಿದ್ದ ಚಕ್ರವರ್ತಿ ರಾಜಚಿಹ್ನೆಗಳನ್ನು ಕಳಚಿಟ್ಟು, ಎಲ್ಲರೆದುರು ಕಣ್ಣೀರಿಟ್ಟು ಪ್ರಾಯಶ್ಚಿತ್ತ ಮಾಡಿಕೊಂಡನು. ಆ ವರ್ಷದ ಕ್ರಿಸ್ಮಸ್ ವೇಳೆಗೆ ಆತನನ್ನು ಮತ್ತೆ ಪರಮಪ್ರಸಾದಕ್ಕೆ ಸೇರಿಸಿಕೊಳ್ಳಲಾಯಿತು. ರಕ್ತ ಅಂಟಿದ ಕೈಗಳನ್ನು ಪವಿತ್ರ ತೀರ್ಥದಲ್ಲಿ ಅದ್ದಿದ ಮಾತ್ರಕ್ಕೆ ಅವು ಶುದ್ಧವಾಗುವುದಿಲ್ಲವೆಂಬುದನ್ನು ಆ ಧರ್ಮಾಧ್ಯಕ್ಷರು ಅರಸನಿಗೂ ಕಲಿಸಿದರು, ಧರ್ಮಸಭೆಗೂ ಕಲಿಸಿದರು.

ಇವೆಲ್ಲ ದೂರದೇಶದ, ಹಳೆಯ ಕಾಲದ ಕಥೆಗಳೆಂದು ಯಾರಾದರೂ ಅಂದುಕೊಂಡಾರು. ನಮ್ಮ ನೆರೆಯ ನಾಡಿನ ಒಂದು ಪ್ರಸಂಗವನ್ನೇ ನೋಡೋಣ. ತಿರುವಾಂಕೂರಿನ ಅರಮನೆಯ ಸೇವೆಯಲ್ಲಿದ್ದ ನೀಲಕಂಠ ಎಂಬವರು ಕ್ರಿಸ್ತನನ್ನು ಅರಿತು, 1745ರಲ್ಲಿ ತಮಿಳುನಾಡಿನ ವಡಕ್ಕನ್‌ಕುಳಂ ಎಂಬ ಊರಿನಲ್ಲಿ ಜ್ಞಾನಸ್ನಾನ ಪಡೆದು ದೇವಸಹಾಯಂ ಎಂಬ ಹೆಸರನ್ನು ತಳೆದರು. ಮೇಲುಜಾತಿಯಲ್ಲಿ ಹುಟ್ಟಿದ್ದ ಅವರು ಜಾತಿಭೇದವನ್ನು ತೊರೆದು ಕೆಳಜಾತಿಯವರೆನಿಸಿಕೊಂಡವರೊಡನೆ ಸಮಾನರಾಗಿ ಬೆರೆತರು. 1749ರಲ್ಲಿ ಅವರ ಬಂಧನವಾಯಿತು. ನಾನಾ ಬಗೆಯ ಹಿಂಸೆಗಳ ನಂತರ 1752ರ ಜನವರಿ 14ರಂದು ಆರಲ್ವಾಯ್‌ಮೊಳಿಯ ಬೆಟ್ಟದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಸಂತಪದವಿಗೇರಿದ ಮೊದಲ ಭಾರತೀಯ ಶ್ರೀಸಾಮಾನ್ಯ ವಿಶ್ವಾಸಿ ಅವರು. ಅವರ ಹೆಸರಿನೊಂದಿಗಿದ್ದ ಜಾತಿಸೂಚಕ ಪದವನ್ನೂ ಧರ್ಮಸಭೆ ಕೈಬಿಟ್ಟಿತು.

ಇನ್ನು ಅದೇ ವಡಕ್ಕನ್‌ಕುಳಂ ಊರಿನ ಮುಂದಿನ ಕಥೆಯನ್ನು ಕೇಳಬೇಕು. ದೇವಸಹಾಯಂ ಅವರ ಬಳಿಕದ ಶತಮಾನದಲ್ಲಿ ಅಲ್ಲಿ ಕಟ್ಟಿದ ದೇವಾಲಯದಲ್ಲಿ ಬಲಿಪೀಠವೊಂದೇ ಇತ್ತು, ಆದರೆ ಜನರು ನಿಲ್ಲುವ ಅಂಕಣಗಳು ಎರಡಿದ್ದವು. ಒಂದು ಮೇಲುಜಾತಿಯವರಿಗೆ, ಇನ್ನೊಂದು ಉಳಿದವರಿಗೆ; ನಡುವೆ ಗೋಡೆ. ಒಂದೇ ಪೂಜೆ, ಒಂದೇ ಪ್ರಸಾದ, ಒಂದೇ ಗುರು, ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣದಂಥ ವ್ಯವಸ್ಥೆ. 1910ರಲ್ಲಿ ಆ ಗೋಡೆಯನ್ನು ಕೆಡವಿದಾಗ, ಅದು ಮತ್ತೆ ಬೇಕೆಂದು ವಾದಿಸಿದವರು ಮದ್ರಾಸಿನ ಉಚ್ಚ ನ್ಯಾಯಾಲಯದವರೆಗೂ ಹೋದರು, ಅಲ್ಲಿ ಸೋತರು.

ಇದರಲ್ಲಿರುವ ದುರಂತವನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಆ ದೇವಾಲಯದಲ್ಲಿ ಪೂಜಾವಿಧಿಯಲ್ಲಿ ಒಂದಕ್ಷರವೂ ತಪ್ಪಿರಲಾರದು. ಲತೀನ್ ಮಂತ್ರಗಳು ಸರಿಯಾಗಿದ್ದವು, ಧೂಪದೀಪಗಳು ಸರಿಯಾಗಿದ್ದವು, ವಿಶ್ವಾಸಪ್ರಮಾಣದಲ್ಲಿ ಏಕ ಪವಿತ್ರ ಕಥೋಲಿಕ ಧರ್ಮಸಭೆಯನ್ನು ವಿಶ್ವಾಸಿಸುವುದಾಗಿ ಗೋಡೆಯ ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಆಚರಣೆ ಪೂರ್ಣವಾಗಿತ್ತು. ಆದರೆ ಯಾವ ಸತ್ಯಕ್ಕಾಗಿ ಒಬ್ಬನು ಅದೇ ಊರಿನಲ್ಲಿ ಜ್ಞಾನಸ್ನಾನ ಪಡೆದು ಪ್ರಾಣ ತೆತ್ತನೋ, ಆ ಸತ್ಯ ಗೋಡೆಯಾಚೆಗೆ ಉಳಿದಿತ್ತು. ಒಂದೇ ಊರು ನಮಗೆ ಎರಡು ದಾರಿಗಳನ್ನೂ ತೋರಿಸುತ್ತದೆ: ಜ್ಞಾನಸ್ನಾನವೆಂಬ ಆಚರಣೆಯನ್ನು ಜೀವಕೊಟ್ಟು ಸತ್ಯವಾಗಿಸಿದ ಸಂತನ ದಾರಿ, ದಿನನಿತ್ಯದ ಆಚರಣೆಯನ್ನು ಗೋಡೆ ಕಟ್ಟಿ ಸುಳ್ಳಾಗಿಸಿದವರ ದಾರಿ.

ಗೋಡೆ ಇಟ್ಟಿಗೆಯದೇ ಆಗಿರಬೇಕೆಂದಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಜಾತಿಭೇದವು ಘೋರವಾದ ಸಾಮಾಜಿಕ ಪಾಪವೆಂದು ಸಾರಬೇಕಾಗಿ ಬಂದುದೇ, ರೋಗವಿನ್ನೂ ವಾಸಿಯಾಗಿಲ್ಲವೆಂಬುದಕ್ಕೆ ಸಾಕ್ಷಿ. ವಧೂವರರನ್ನು ಹುಡುಕುವಾಗ ನಾವು ಮೊದಲು ಕೇಳುವುದು ವಿಶ್ವಾಸವನ್ನೋ, ಕುಲವನ್ನೋ? ತೇರಿನ ಹಗ್ಗ ಹಿಡಿಯುವಾಗ, ಹಬ್ಬದ ಊಟಕ್ಕೆ ಎಲೆ ಹಾಕುವಾಗ ಯಾರನ್ನು ಮುಂದೆ ಕರೆಯುತ್ತೇವೆ, ಯಾರು ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಾರೆ? ಕಟ್ಟಿದ ಗೋಡೆಯನ್ನು ಕೆಡವಲು ಗುದ್ದಲಿ ಸಾಕು. ಕಣ್ಣಿಗೆ ಕಾಣದ ಗೋಡೆಗೆ ವಿಶ್ವಾಸವೇ ಗುದ್ದಲಿಯಾಗಬೇಕು.

ಸಹೋದರ ಸಹೋದರಿಯರೇ, ಈ ನೂರು ವರ್ಷಗಳ ನಟ್ಟನಡುವೆ ಜಗತ್ತಿನ ಧರ್ಮಸಭೆಯಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತ ತನ್ನ ಮೊದಲ ಸಂವಿಧಾನವನ್ನು ಹೊರಡಿಸಿತು. ವಿಶ್ವಾಸಿಗಳು ಪೂಜೆಯಲ್ಲಿ ಪರಕೀಯರಂತೆ, ಮೂಕ ಪ್ರೇಕ್ಷಕರಂತೆ ಇರಬಾರದು, ಅರಿತು ಭಾಗವಹಿಸಬೇಕೆಂಬುದು ಅದರ ಆಶಯ. ಅದರ ಫಲವಾಗಿ ಲತೀನಿನಲ್ಲಿದ್ದ ಪೂಜೆ ಕನ್ನಡಕ್ಕೆ ಬಂದಿತು. ಬಲಿಪೀಠದತ್ತ ಮುಖಮಾಡಿ ನಿಲ್ಲುತ್ತಿದ್ದ ಗುರುಗಳು ಜನರತ್ತ ತಿರುಗಿದರು.

ಅದಕ್ಕೆ ಮುಂಚೆ ನಮ್ಮ ಹಿರಿಯರು ಅರ್ಥವಾಗದ ಭಾಷೆಯ ಪೂಜೆಯಲ್ಲಿ ಜಪಸರ ಹಿಡಿದು ಮಂಡಿಯೂರಿ ಕೂರುತ್ತಿದ್ದರು. ಆ ಪೂಜೆಯ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಬರಗಾಲದಲ್ಲಿ ಒಂದು ಸೇರು ರಾಗಿಯನ್ನು ನೆರೆಮನೆಯವರೊಡನೆ ಹಂಚಿಕೊಂಡವರೂ, ಅನಾಥ ಮಗುವನ್ನು ತಮ್ಮ ಮಕ್ಕಳ ಪಂಕ್ತಿಯಲ್ಲಿ ಕೂರಿಸಿ ಉಣಿಸಿದವರೂ ಅವರಲ್ಲಿ ಎಷ್ಟೋ ಮಂದಿ ಇದ್ದರು. ಇಂದು ನಮಗೆ ಪೂಜೆಯ ಪ್ರತಿಯೊಂದು ಮಾತೂ ತಿಳಿಯುತ್ತದೆ. ಭಾಷೆಯ ತೆರೆ ಸರಿದಿದೆ. ಇನ್ನು ನಮಗೆ ನೆಪವಿಲ್ಲ. ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸೆಂದು ಕನ್ನಡದಲ್ಲಿಯೇ ಬೇಡಿಕೊಂಡು, ಅಂಗಳ ದಾಟುವ ಮೊದಲೇ ಹಳೆಯ ಹಗೆಯನ್ನು ಮುಂದುವರಿಸಿದರೆ, ನಮ್ಮ ಬಾಯಿಂದಲೇ ನಮಗೆ ತೀರ್ಪು ಬರೆದುಕೊಂಡಂತಾಗುವುದಿಲ್ಲವೇ? ಜನರು ಒಪ್ಪಿಕೊಳ್ಳುವ ವಿಶ್ವಾಸಕ್ಕೂ ಅವರ ದಿನನಿತ್ಯದ ಬಾಳಿಗೂ ನಡುವೆ ಇರುವ ಬಿರುಕು ನಮ್ಮ ಯುಗದ ಗಂಭೀರ ದೋಷಗಳಲ್ಲೊಂದೆಂದು ಅದೇ ಮಹಾಸಭೆ 1965ರಲ್ಲಿ ಎಚ್ಚರಿಸಿತು. ಪೂಜೆಯ ಭಾಷೆ ಬದಲಾದುದು ಆ ಬಿರುಕನ್ನು ಮುಚ್ಚುವುದಕ್ಕಾಗಿ.

2020ರಲ್ಲಿ ನಮಗೆಲ್ಲ ಒಂದು ಪರೀಕ್ಷೆ ಬಂದಿತು. ಕೋವಿಡ್ ಮಹಾಮಾರಿಯಿಂದಾಗಿ ಮಾರ್ಚ್ ತಿಂಗಳ ಕೊನೆಗೆ ದೇಶವೆಲ್ಲ ಸ್ತಬ್ಧವಾಯಿತು. ಆ ವರ್ಷ ಏಪ್ರಿಲ್ 12ರಂದು ಪಾಸ್ಖ ಹಬ್ಬ ಮುಚ್ಚಿದ ದೇವಾಲಯಗಳಲ್ಲಿ ನಡೆಯಿತು. ಗರಿಗಳ ಮೆರವಣಿಗೆಯಿಲ್ಲ, ಶಿಲುಬೆಹಾದಿಯಿಲ್ಲ, ಪರಮಪ್ರಸಾದವೂ ಇಲ್ಲ. ಆಚರಣೆಗಳೆಲ್ಲ ನಿಂತಾಗ ನಮ್ಮಲ್ಲಿ ಏನು ಉಳಿಯಿತು? ಕೆಲವರಿಗೆ ಕ್ರೈಸ್ತ ಧರ್ಮವೆಂದರೆ ದೂರದರ್ಶನದ ಪೂಜೆಯಷ್ಟೇ ಆಯಿತು. ಆದರೆ ಊರಿಗೆ ನಡೆದು ಹೊರಟ ಕೂಲಿಕಾರರಿಗೆ ಅನ್ನ ನೀರು ಕೊಟ್ಟವರೂ ಇದ್ದರು. ಬೆಂಗಳೂರಿನಲ್ಲಿ, ಹತ್ತಿರದ ಬಂಧುಗಳೇ ಮುಟ್ಟಲು ಹೆದರುತ್ತಿದ್ದ ಶವಗಳನ್ನು ಜಾತಿಮತ ನೋಡದೆ ಗೌರವದಿಂದ ಸಂಸ್ಕಾರಕ್ಕೆ ಕೊಂಡೊಯ್ದ ಕಥೋಲಿಕ ಸ್ವಯಂಸೇವಕರಿದ್ದರು. ಪ್ರಸಾದವಿಲ್ಲದ ಆ ತಿಂಗಳುಗಳಲ್ಲಿ, ಹಿಂದೆ ಸ್ವೀಕರಿಸಿದ್ದ ಪ್ರಸಾದ ಅವರೊಳಗೆ ಕೆಲಸ ಮಾಡುತ್ತಿತ್ತು. ನಿಜವಾದ ಆಚರಣೆಯ ಗುರುತು ಇದೇ: ಅದು ನಿಂತ ಮೇಲೂ ಅದರ ಫಲ ನಿಲ್ಲುವುದಿಲ್ಲ.

ಶತಮಾನೋತ್ಸವವೆಂಬುದು ಹೆಮ್ಮೆಯ ಸಮಯ. ಆದುದರಿಂದಲೇ ಅಪಾಯದ ಸಮಯವೂ ಹೌದು. ಹಿಂದಿನವರ ಪುಣ್ಯವನ್ನು ನಮ್ಮ ಖಾತೆಗೆ ಬರೆದುಕೊಳ್ಳುವ ಆಸೆ ಹುಟ್ಟುತ್ತದೆ. 1833ರ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಜಾನಾಂ ಎಂಬ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಚರ್ಚಾಕೂಟಗಳಲ್ಲಿ ಕಥೋಲಿಕ ಧರ್ಮದ ಹಿರಿಮೆಯನ್ನು ಎತ್ತಿಹಿಡಿಯುತ್ತಿದ್ದನು. ಒಮ್ಮೆ ಎದುರಾಳಿಯೊಬ್ಬನು, ನಿಮ್ಮ ಧರ್ಮಸಭೆ ಹಿಂದೆ ಒಳ್ಳೆಯ ಕೆಲಸಗಳನ್ನು ಮಾಡಿದ್ದು ನಿಜ, ಆದರೆ ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದು ಸವಾಲು ಹಾಕಿದನು. ಓಜಾನಾಂ ವಾದದಿಂದ ಉತ್ತರಿಸಲು ಹೋಗಲಿಲ್ಲ. ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವಾದ ಏಪ್ರಿಲ್ 23ರಂದು ಕೆಲವೇ ಗೆಳೆಯರೊಡನೆ ಸಭೆ ಸೇರಿ, ಬಡವರ ಮನೆಗಳಿಗೇ ಹೋಗಿ ನೆರವಾಗುವ ಕಾರ್ಯಕ್ಕೆ ತೊಡಗಿದನು. ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದು ಹೀಗೆ. ಇಂದು ಅದು ಲೋಕವನ್ನೆಲ್ಲ ವ್ಯಾಪಿಸಿದೆ. 1997ರಲ್ಲಿ ಓಜಾನಾಂ ಅವರನ್ನು ಪುನೀತರೆಂದು ಘೋಷಿಸಲಾಯಿತು. ನೂರು ವರ್ಷದ ಹಬ್ಬದ ಅಂಗಳದಲ್ಲಿ ನಿಂತ ನಮ್ಮನ್ನೂ ಆ ಪ್ರಶ್ನೆ ಕೇಳುತ್ತಿದೆ: ಹಿಂದಿನದಿರಲಿ, ಈಗ ಏನು ಮಾಡುತ್ತಿದ್ದೀರಿ?

ಈ ಪ್ರಶ್ನೆಗೆ ನಮ್ಮ ಕಾಲದಲ್ಲಿಯೇ ದೊರೆತ ಒಂದು ಉತ್ತರವನ್ನು ನೆನೆಯೋಣ. ಕೇರಳದಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಅವರು ಮಧ್ಯಪ್ರದೇಶದ ಬಡ ರೈತರು ಸಾಲಗಾರರ ಹಿಡಿತದಿಂದ ಬಿಡಿಸಿಕೊಳ್ಳಲು ನೆರವಾಗುತ್ತಿದ್ದರು. ಇದನ್ನು ಸಹಿಸದವರ ಪ್ರೇರಣೆಯಿಂದ 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಅವರನ್ನು ಇರಿದು ಕೊಲ್ಲಲಾಯಿತು. ಕೆಲವು ವರ್ಷಗಳ ನಂತರ, ಅವರಂತೆಯೇ ಕನ್ಯಾಸ್ತ್ರೀಯಾಗಿದ್ದ ಅವರ ತಂಗಿ ಸೆರೆಮನೆಗೆ ಹೋಗಿ, ಇರಿದವನನ್ನು ಕ್ಷಮಿಸಿ, ಅವನ ಕೈಗೆ ರಾಖಿ ಕಟ್ಟಿ ಸೋದರನೆಂದು ಕರೆದರು. ಅವರ ತಾಯಿಯೂ ಅವನನ್ನು ಕ್ಷಮಿಸಿದರು. ಅವನ ಬಿಡುಗಡೆಗೆ ಆ ಕುಟುಂಬವೇ ಬೆಂಬಲ ನೀಡಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತರೆಂದು ಘೋಷಿಸಿದಾಗ, ಪರಿವರ್ತಿತನಾಗಿದ್ದ ಆ ಮನುಷ್ಯನೂ ಅಲ್ಲಿದ್ದನು. ಆ ತಾಯಿ ಎಷ್ಟು ಸಾವಿರ ಬಾರಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಜಪಿಸಿರಬಹುದು! ಬಾಯಿಯ ಆ ಅಭ್ಯಾಸವೇ ಒಂದು ದಿನ ಹೃದಯದ ಬಲವಾಯಿತು. ಆಚರಣೆ ಯಾತಕ್ಕೆ ಎಂದು ಕೇಳುವವರಿಗೆ ಇದೇ ಉತ್ತರ. ಆಚರಣೆಯಷ್ಟೇ ಸಾಕೆನ್ನುವವರಿಗೂ ಇದೇ ಉತ್ತರ.

ಹುತಾತ್ಮರಾಗುವ ಭಾಗ್ಯ ಎಲ್ಲರಿಗೂ ಇಲ್ಲ. ನಮಗೆ ಸಿಕ್ಕಿರುವುದು ಸಣ್ಣ ಸಣ್ಣ ಪರೀಕ್ಷೆಗಳು. ಆಸ್ತಿ ಪಾಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಪೂಜೆಗೆ ಬಂದು, ಎರಡು ಸಾಲುಗಳಲ್ಲಿ ನಿಂತು ಒಂದೇ ಪ್ರಸಾದ ಸ್ವೀಕರಿಸಿ ಹೋಗುವುದುಂಟು. ತಪಸ್ಸುಕಾಲದಲ್ಲಿ ಮಾಂಸ ಮುಟ್ಟದವರು ಕೂಲಿಯಾಳಿನ ವಾರದ ಕೂಲಿಯನ್ನು ಮುಂದೂಡುವುದುಂಟು. ಕೊಡದೆ ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಸಂತ ಯಕೋಬರು ಎಚ್ಚರಿಸಿದ್ದಾರೆ. ಮಗನ ವಿವಾಹವನ್ನು ಪವಿತ್ರ ಸಂಸ್ಕಾರವೆಂದು ಆಮಂತ್ರಣ ಪತ್ರದಲ್ಲಿ ಅಚ್ಚು ಹಾಕಿಸಿ, ತೆರೆಮರೆಯಲ್ಲಿ ವರದಕ್ಷಿಣೆಯ ಮಾತು ಮುಗಿಸುವುದುಂಟು. ಮರಿಯಮ್ಮನವರ ಪ್ರತಿಮೆಗೆ ಹೂವಿನ ಹಾರ ಹಾಕಿ ಬಂದು, ಮೂಲೆಯಲ್ಲಿ ಮಲಗಿದ ಮುದಿತಾಯಿಗೆ ಒಂದು ಲೋಟ ಗಂಜಿ ಕೊಡಲು ಗೊಣಗುವುದುಂಟು. ಇವು ಯಾರ ಮನೆಯ ಮಾತೆಂದು ಅಕ್ಕಪಕ್ಕ ನೋಡುವುದು ಬೇಡ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆದು ನೋಡಿಕೊಳ್ಳುವುದು ಒಳಿತು.

ಆದುದರಿಂದ ಈ ಶತಮಾನೋತ್ಸವದ ನೆನಪಿಗೆ ನಾವು ಮೂರು ಸಂಕಲ್ಪಗಳನ್ನು ಕೈಗೊಳ್ಳಬಹುದೆಂದು ವಿನಯದಿಂದ ಸೂಚಿಸುತ್ತೇವೆ. ಮೂರೂ ನಮ್ಮ ಪೂಜೆಯೊಳಗೇ ಇರುವಂಥವು, ಹೊಸದೇನಲ್ಲ.

ಮೊದಲನೆಯದು ಸಂಧಾನ. ಪೂಜೆಯಲ್ಲಿ ನಾವು ಪರಸ್ಪರ ಶಾಂತಿಯನ್ನು ಕೋರುತ್ತೇವೆ. ಪಕ್ಕದಲ್ಲಿ ಆಕಸ್ಮಿಕವಾಗಿ ನಿಂತವರಿಗೆ ಕೈಮುಗಿಯುವುದು ಸುಲಭ. ಮುಂದಿನ ಹಬ್ಬದೊಳಗೆ, ಯಾರೊಡನೆ ಮಾತು ನಿಂತಿದೆಯೋ ಅವರ ಮನೆಗೆ ನಾವೇ ಮೊದಲು ಹೋಗಿ ಆ ಶಾಂತಿಯನ್ನು ಕೋರೋಣ. ಪ್ರತಿಯೊಂದು ಕುಟುಂಬವೂ ಒಂದೇ ಒಂದು ಹಗೆಯನ್ನು ಮುಗಿಸಿದರೂ ಸಾಕು, ಈ ಊರಿನ ಮುಖವೇ ಬದಲಾಗುತ್ತದೆ.

ಎರಡನೆಯದು ಕಾಣಿಕೆ. ಬಲಿಪೀಠಕ್ಕೆ ರೊಟ್ಟಿ ಹೋಗುವಾಗ ಬಡವನ ಪಾಲೂ ಜೊತೆಗೆ ಹೋಗಬೇಕೆಂಬುದು ಆದಿಕಾಲದ ಕ್ರೈಸ್ತರ ಪದ್ಧತಿ. ಹಬ್ಬದ ದೀಪಾಲಂಕಾರಕ್ಕೂ ಬಾಜಾಬಜಂತ್ರಿಗೂ ವೆಚ್ಚ ಮಾಡುವಾಗಲೆಲ್ಲ ಅದರ ಒಂದು ಭಾಗವನ್ನು ಓದು ನಿಲ್ಲಿಸಿದ ಮಗುವಿಗೋ, ಔಷಧವಿಲ್ಲದ ರೋಗಿಗೋ ತೆಗೆದಿಡೋಣ. ಕೊಡುವಾಗ ಮತವನ್ನು ಕೇಳದಿರೋಣ; ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಕುಲವನ್ನು ಕೇಳಲಿಲ್ಲ.

ಮೂರನೆಯದು ಹೊರಡುವುದು. ಪೂಜೆಗೆ ಲತೀನಿನಲ್ಲಿ 'ಮಿಸ್ಸಾ' ಎಂಬ ಹೆಸರು ಬಂದುದು, ಕೊನೆಯಲ್ಲಿ ಜನರನ್ನು ಕಳುಹಿಸಿಕೊಡುವ ಮಾತಿನಿಂದ. ಆರಾಧನೆಯ ಶಿಖರವಾದ ಈ ಕಾರ್ಯಕ್ಕೆ, ಒಳಬರುವುದರ ಹೆಸರಲ್ಲ, ಹೊರ ಕಳುಹಿಸುವುದರ ಹೆಸರು ನಿಂತಿದೆ. ಆ ಮಾತಿಗೆ ದೇವರಿಗೆ ಕೃತಜ್ಞತೆ ಸಲ್ಲಿಸಿ ನಾವು ಹೊರಡುತ್ತೇವೆ. ಹೊರಟ ನಾವು ಎಲ್ಲಿಗೆ ತಲುಪುತ್ತೇವೆ? ಗದ್ದೆಗೆ, ಅಂಗಡಿಗೆ, ಕಚೇರಿಗೆ, ಕಾರ್ಖಾನೆಗೆ, ಅಡುಗೆಮನೆಗೆ. ತಕ್ಕಡಿ ಹಿಡಿದ ಕೈ ನೇರವಾಗಿದ್ದರೆ, ಕಚೇರಿಯ ಮೇಜು ಲಂಚದಿಂದ ಶುದ್ಧವಾಗಿದ್ದರೆ, ಮನೆಯ ಹೆಣ್ಣುಮಗಳ ಕಣ್ಣಲ್ಲಿ ಭಯವಿಲ್ಲದಿದ್ದರೆ, ಬೆಳಗ್ಗೆ ಆರಂಭವಾದ ಪೂಜೆ ಸಂಜೆಯವರೆಗೂ ನಡೆಯುತ್ತಿದೆಯೆಂದೇ ತಿಳಿಯಬೇಕು.

ನಮ್ಮ ಸುತ್ತಲಿನ ಅನ್ಯಧರ್ಮೀಯ ಬಂಧುಗಳು ನಮ್ಮ ಶುಭಸಂದೇಶವನ್ನು ಓದಿರಲಾರರು. ಅವರು ಓದುವುದು ನಮ್ಮನ್ನು. ಹೊರಗಿನ ಆಡಂಬರಕ್ಕಿಂತ ಅಂತರಂಗದ ಶುದ್ಧಿಯೇ ದೊಡ್ಡದೆಂಬ ಮಾತು ಈ ಕನ್ನಡ ನೆಲಕ್ಕೆ ಹೊಸದಲ್ಲ. ಶರಣರೂ ದಾಸರೂ ಅದನ್ನು ಜನಮನದಲ್ಲಿ ಬಿತ್ತಿ ಹೋಗಿದ್ದಾರೆ. ಇಂಥ ನೆಲದಲ್ಲಿ ಬಾಳುವ ನಾವು ಗೋಪುರವನ್ನು ಎಷ್ಟು ಎತ್ತರಕ್ಕೆ ಕಟ್ಟಿದೆವೆಂದು ಜನರು ನೋಡುವುದಿಲ್ಲ; ಆ ಗೋಪುರದ ನೆರಳಿನಲ್ಲಿ ಯಾರಿಗೆ ತಂಪಾಯಿತೆಂದು ನೋಡುತ್ತಾರೆ.

ಈ ದೇವಾಲಯವನ್ನು ಕಟ್ಟಿದವರು ಕಲ್ಲು ಹೊತ್ತರು, ಸುಣ್ಣ ಅರೆದರು, ಹೊಟ್ಟೆ ಕಟ್ಟಿ ಕಾಣಿಕೆ ಕೊಟ್ಟರು. ಅವರು ನಮಗೆ ದೀಪವನ್ನು ಕೊಟ್ಟುಹೋಗಿದ್ದಾರೆ, ಅದು ಅಮೂಲ್ಯವಾದುದು. ಎಣ್ಣೆಯನ್ನು ಮಾತ್ರ ಯಾವ ತಲೆಮಾರೂ ಮುಂದಿನ ತಲೆಮಾರಿಗೆ ಕಡ ಕೊಡಲಾರದು. ಅದನ್ನು ಆಯಾ ತಲೆಮಾರಿನವರೇ, ಆಯಾ ಮನೆಯವರೇ ತುಂಬಿಕೊಳ್ಳಬೇಕು. ಇನ್ನು ನೂರು ವರ್ಷಗಳ ನಂತರ ಇಲ್ಲಿ ದ್ವಿಶತಮಾನೋತ್ಸವವನ್ನು ಆಚರಿಸುವವರು ದಾಖಲೆ ಪುಸ್ತಕಗಳಲ್ಲಿ ನಮ್ಮ ಹೆಸರುಗಳನ್ನು ಓದುವರು. ಆ ಹೆಸರುಗಳ ಹಿಂದೆ ಬೆಳಕೂ ಇತ್ತೆಂದು ಅವರಿಗೆ ತಿಳಿಯುವಂತೆ ಬಾಳುವ ಕೃಪೆಯನ್ನು ಪ್ರಭು ಯೇಸು ನಮಗೆ ದಯಪಾಲಿಸಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.

ದೇವರು ನಿಮ್ಮೆಲ್ಲರನ್ನೂ ಹರಸಲಿ.